ಶಿಳ್ಳೆಯ ಮೂಲ ಹುಡುಕಿದ ಭಾನುವಾರ

ಇಪ್ಪತ್ತು ವರ್ಷ ದಾಟಿದ ನನ್ನ ಪೆಟ್ರೋಲ್ ಕಾರಿನ ಬಾನೆಟ್ ಒಳಗಿನಿಂದ ಶಿಳ್ಳೆ ಹೊಡೆದಂಥ ಸಣ್ಣ ಶಬ್ದ ಬರುತ್ತಿದೆಯೆಂದು ಮೊದಲು ಹೇಳಿದವಳು ನನ್ನ ಮಗಳು. ನನಗೆ ಅದು ಕೇಳಿಸಲೇ ಇಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಏರುದನಿಯ ಸದ್ದುಗಳನ್ನೇ ಎಂಬುದು ಗೊತ್ತಿದ್ದರೂ ಒಪ್ಪಿಕೊಳ್ಳಲು ಮನಸ್ಸು ಬಾರದೆ, "ಫ್ಯಾನ್ ಬೆಲ್ಟ್ ಇರಬೇಕು, ಬಿಡು" ಎಂದು ಮಾತು ತೇಲಿಸಿದೆ. ವಾರ ಕಳೆಯುವಷ್ಟರಲ್ಲಿ ಅದು ನನಗೂ ಕೇಳಿಸುವಷ್ಟು ಬೆಳೆಯಿತು. ಕಾರು ನಿಂತಾಗ ಎಂಜಿನ್ ನಡುಗತೊಡಗಿತು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪವೂ ಹೊತ್ತಿಕೊಂಡಿತು.

ಆ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ನಿಂತಾಗ, ಬೆಲ್ಟ್ ಕುರಿತ ನನ್ನ ಮಾತು ತಪ್ಪೆಂದು ತಿಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಬೆಲ್ಟಿನ ಕೀರಲು ದನಿಯಾಗಿದ್ದರೆ ಎಂಜಿನ್ನಿನ ವೇಗದೊಡನೆ ಅದೂ ಏರಬೇಕಿತ್ತು. ಈ ಶಿಳ್ಳೆಯಾದರೋ ಆಕ್ಸಿಲರೇಟರ್ ಥಟ್ಟನೆ ಒತ್ತಿದ ಕ್ಷಣದಲ್ಲಿ ಕುಗ್ಗಿ, ಕಾಲು ತೆಗೆದೊಡನೆ ಮರಳುತ್ತಿತ್ತು. ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ ಗಾಳಿಯನ್ನು ಒಳಬಿಡುವ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ, ಪಿಸ್ಟನ್‌ಗಳು ಮಾತ್ರ ಗಾಳಿಗಾಗಿ ಎಳೆಯುತ್ತಲೇ ಇರುತ್ತವೆ. ಇದರಿಂದ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ, ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಪಾದರಸದ ಅಳತೆಯಲ್ಲಿ ಸುಮಾರು 17ರಿಂದ 21 ಇಂಚಿನಷ್ಟು. ಎಲ್ಲಾದರೂ ಬಿರುಕಿದ್ದರೆ ಹೊರಗಿನ ಗಾಳಿ ಅದರ ಮೂಲಕ ನುಗ್ಗುವುದು, ಶಿಳ್ಳೆ ಹೊಡೆಯುವುದು ಆಗಲೇ.

ಲೀಕ್ ಇದೆಯೆಂಬುದು ಖಚಿತವಾಯಿತು, ಎಲ್ಲಿ ಎಂಬುದು ಮಾತ್ರ ತಿಳಿಯಲಿಲ್ಲ. ಕಿವಿಯನ್ನು ನಂಬಿದರೆ ಶಬ್ದ ಎಂಜಿನ್ನಿನ ಹಿಂದಿನಿಂದ, ಆ ನಿರ್ವಾತದ ಬಲದಿಂದ ಬ್ರೇಕ್ ಒತ್ತುವುದನ್ನು ಹಗುರವಾಗಿಸುವ ಬ್ರೇಕ್ ಬೂಸ್ಟರ್ ಇರುವ ಕಡೆಯಿಂದ ಬರುತ್ತಿತ್ತು. ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಂಜಿನ್ ಆರಿಸಿ, ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಬಾರಿ ಒತ್ತಿಸಿ, ಹಾಗೆಯೇ ಒತ್ತಿಹಿಡಿದು ಸ್ಟಾರ್ಟ್ ಮಾಡಲು ಹೇಳಿದೆ. "ಅಪ್ಪಾ, ಪೆಡಲ್ ತಾನಾಗಿ ಕೆಳಗಿಳಿಯಿತು" ಎಂದಳು. ಅಂದರೆ ಬೂಸ್ಟರ್ ತನ್ನ ಕೆಲಸ ಮಾಡುತ್ತಿದೆ. ಪೆಡಲ್ ಒತ್ತಿದಾಗಲೂ ಬಿಟ್ಟಾಗಲೂ ಶಿಳ್ಳೆಯ ದನಿ ಬದಲಾಗಲಿಲ್ಲ. ಬಟ್ಟೆ ಸುತ್ತಿದ ಇಕ್ಕಳದಿಂದ ಮೆತ್ತನೆಯ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಅಮುಕಿ ನೋಡಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನ ಅಂಚಿಗೆ ಸೋಪಿನ ನೀರು ಚಿಮುಕಿಸಿದೆ. ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಪರೀಕ್ಷಿಸುವವರೂ ಇದ್ದಾರೆ, ಆದರೆ ಬಿಸಿ ಎಂಜಿನ್ನಿನ ಮೇಲೆ ಬೆಂಕಿ ಹತ್ತುವ ದ್ರವವನ್ನು ಹಾರಿಸುವ ಧೈರ್ಯ ನನಗಿಲ್ಲ. ಗಡುಸಾಗಿ, ಬಳುಕಿಸಿದರೆ ಸಣ್ಣ ಗೆರೆಗಳು ಮೂಡುತ್ತಿದ್ದ ಎರಡು ಪೈಪುಗಳು ಅಪರಾಧಿಗಳಂತೆಯೇ ಕಂಡವು. ಅವನ್ನು ಬದಲಿಸಿ ಸ್ಟಾರ್ಟ್ ಮಾಡಿದರೆ ಶಿಳ್ಳೆ ಮೊದಲಿನಂತೆಯೇ ಇತ್ತು.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಮೇಲೆ ಮಾಡಿದೆ: ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಜೋಡಿಸಿದೆ. ಕಂಡದ್ದು ಪಿ0171, ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಎಂಬ ದೂರು. ಸೆನ್ಸರ್ ಅಳೆಯದ ಗಾಳಿ ಒಳಗೆ ಸೇರುತ್ತಿದ್ದುದರಿಂದ ಕಂಪ್ಯೂಟರ್ ಅದನ್ನು ಸರಿದೂಗಿಸಲು ಲೆಕ್ಕಕ್ಕಿಂತ ಶೇಕಡಾ 22ರಷ್ಟು ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು. ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದಾಗ ಅದೇ ಅಂಕಿ 5ಕ್ಕೆ ಇಳಿಯಿತು. ಇಂಧನ ಪಂಪ್ ಸೋತಿದ್ದರೆ ವೇಗ ಏರಿದಂತೆ ಕೊರತೆಯೂ ಏರಬೇಕಿತ್ತು. ಇಲ್ಲಿ ಇಳಿಯಿತು, ಏಕೆಂದರೆ ಥ್ರಾಟಲ್ ಮೂಲಕ ಬರುವ ಗಾಳಿ ಹೆಚ್ಚಿದಾಗ ಕಳ್ಳಗಾಳಿಯ ಪಾಲು ಚಿಕ್ಕದಾಗುತ್ತದೆ. ಲೀಕ್ ಎಂಬ ನನ್ನ ತೀರ್ಮಾನ ಸರಿಯಿತ್ತು, ಹುಡುಕಿದ ಜಾಗಗಳೇ ಬೇರೆಯಾಗಿದ್ದವು.

ಉತ್ತರ ಸಿಕ್ಕಿದ್ದು ಜಾಣ್ಮೆಯಿಂದಲ್ಲ ಎಂದು ಹೇಳಿಬಿಡಬೇಕು. ಬೇಸರದಲ್ಲಿ ಕೈ ಸುಮ್ಮನಿರದೆ, ಓಡುತ್ತಿದ್ದ ಎಂಜಿನ್ನಿನ ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಅನ್ನು ಸ್ವಲ್ಪ ಮೇಲಕ್ಕೆಳೆದೆ. ಶಿಳ್ಳೆ ಕತ್ತರಿಸಿದಂತೆ ನಿಂತಿತು. ಒಳಗೆ ಒತ್ತಿದೆ, ಮತ್ತೆ ಹೊರಟಿತು. ಮೂರು ಬಾರಿ ಹೀಗೆ ಮಾಡಿದ ಮೇಲೆಯೇ ನನಗೆ ನಂಬಿಕೆ ಬಂದದ್ದು.

ಎಂಜಿನ್ನಿನ ಕೆಳಭಾಗದಲ್ಲಿ, ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ, ಸೇರುವ ಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಎಳೆದು ಸುಡುವ ವ್ಯವಸ್ಥೆಯೊಂದಿದೆ, ಪಿಸಿವಿ ಎನ್ನುತ್ತಾರೆ. ನನ್ನ ಕಾರಿನಲ್ಲಿ ಆ ಎಳೆತವನ್ನು ಹತೋಟಿಯಲ್ಲಿಡುವುದು ವಾಲ್ವ್ ಕವರಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳದಡಿ ಕುಳಿತ ತೆಳುವಾದ ರಬ್ಬರ್ ಪರದೆ, ಡಯಾಫ್ರಾಮ್. ಅದರ ಒಂದು ಬದಿಗೆ ಹೊರಗಾಳಿ ತಾಗಲೆಂದು ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಡಯಾಫ್ರಾಮ್ ಹರಿದಾಗ ಗಾಳಿ ಆ ತೂತಿನಿಂದಲೇ ಒಳನುಗ್ಗುತ್ತದೆ. ಡಿಪ್‌ಸ್ಟಿಕ್ ಎಳೆದರೆ ಕ್ರ್ಯಾಂಕ್‌ಕೇಸಿಗೆ ನುಗ್ಗಲು ಗಾಳಿಗೆ ಇನ್ನೂ ಸಲೀಸಾದ ದಾರಿ ಸಿಕ್ಕು ತೂತಿನ ಮೇಲಿನ ಎಳೆತ ತಗ್ಗುತ್ತದೆ. ತೂತಿನ ಮೇಲೆ ಬೆರಳಿಟ್ಟೆ. ಚರ್ಮವನ್ನು ಅದು ಹೀರಿ ಹಿಡಿಯಿತು, ಸದ್ದಡಗಿತು. ಹಿಂದಿನ ತಗಡಿಗೆ ಬಡಿದು ಮರಳುತ್ತಿದ್ದ ದನಿಯನ್ನೇ ನಾನು ಬೆಳಗಿನಿಂದ ಬೂಸ್ಟರಿನದೆಂದು ತಿಳಿದಿದ್ದೆ. ಆಯಿಲ್ ಮುಚ್ಚಳ ಎಂದಿಗಿಂತ ಬಿಗಿಯಾಗಿ ಅಂಟಿಕೊಳ್ಳುತ್ತಿದ್ದುದೂ ಈಗ ನೆನಪಾಯಿತು. ಅದನ್ನು ತಿಂಗಳ ಹಿಂದೆಯೇ ಗಮನಿಸಿ ಮರೆತಿದ್ದೆ.

ಹೊಸ ಡಯಾಫ್ರಾಮ್ ಬರಲು ನಾಲ್ಕು ದಿನ ಹಿಡಿಯಿತು, ಕೂರಿಸಲು ಅರ್ಧ ಗಂಟೆ. ಹಳೆಯದನ್ನು ಬೆಳಕಿಗೆ ಹಿಡಿದಾಗ ಅಂಚಿನುದ್ದಕ್ಕೂ ಉಗುರಿನಷ್ಟುದ್ದದ ಸೀಳು ಕಂಡಿತು. ಸ್ಕ್ಯಾನರ್‌ನಲ್ಲಿ ದೋಷವನ್ನು ಅಳಿಸಿ ಒಂದು ವಾರ ಓಡಿಸಿದ ಬಳಿಕ 22 ಇದ್ದ ಅಂಕಿ 3ಕ್ಕೆ ಬಂದು ನಿಂತಿತು. ಆದರೆ ರಿಪೇರಿಯ ದಿನ ನಾನು ನೆಚ್ಚಿದ್ದು ಸ್ಕ್ಯಾನರನ್ನಲ್ಲ. ಮಗಳನ್ನು ಕರೆದು, ಓಡುತ್ತಿದ್ದ ಎಂಜಿನ್ನಿನ ಪಕ್ಕ ನಿಲ್ಲಿಸಿ, ಏನಾದರೂ ಕೇಳಿಸುತ್ತಿದೆಯೇ ಎಂದು ವಿಚಾರಿಸಿದೆ. ಅವಳು ತುಸು ಹೊತ್ತು ಆಲಿಸಿ ಇಲ್ಲವೆಂದು ತಲೆಯಾಡಿಸಿದ ಮೇಲೆಯೇ ಬಾನೆಟ್ ಮುಚ್ಚಿದೆ.