ಲಿಫ್ಟ್ ರಥಬೀದಿಯಲ್ಲಿ, ವ್ಯಾನು ಕೆ.ಎಸ್. ರಾವ್ ರಸ್ತೆಯಲ್ಲಿ

ನಾನು ಮಂಗಳೂರಿನಲ್ಲಿ ಲಿಫ್ಟ್ ಟೆಕ್ನಿಷಿಯನ್. ನಮ್ಮ ಕಂಪನಿಯ ಕಂಟ್ರೋಲ್ ರೂಮ್ ಇರುವುದು ಬೆಂಗಳೂರಿನಲ್ಲಿ. ಮಂಗಳೂರಿನ ಯಾವ ಕಟ್ಟಡದಲ್ಲಿ ಲಿಫ್ಟ್ ನಿಂತರೂ ಕರೆ ಮೊದಲು ಅಲ್ಲಿಗೆ ಹೋಗುತ್ತದೆ. ಅಲ್ಲಿಯ ಆ್ಯಪ್ ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಯಾರು ಹತ್ತಿರವೋ ಅವರ ಮೊಬೈಲಿಗೆ ಬ್ರೇಕ್‌ಡೌನ್ ಕಾಲ್ ಹಾಕುತ್ತದೆ. ಸಂಜೆ ಐದೂವರೆಗೆ ಪೇಟೆಯ ನಡುವಿನ ಹಂಪನಕಟ್ಟೆ ಹೇಗಿರುತ್ತದೆ ಎಂಬುದು ಆ ಗೆರೆಗೆ ಗೊತ್ತಿಲ್ಲ.

ಆ ಶನಿವಾರ ನಾನು ಕದ್ರಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮಾಸಿಕ ಸರ್ವಿಸ್ ಮುಗಿಸಿ ಕಾರ್ಡಿಗೆ ಸಹಿ ಹಾಕಿಸುತ್ತಿದ್ದೆ. ನನ್ನ ಸಹೋದ್ಯೋಗಿ ಕೂಳೂರಿನಲ್ಲಿದ್ದ. ಕಾಲ್ ಬಂದದ್ದು ರಥಬೀದಿಯ ಹತ್ತಿರದ ಒಂದು ನಾಲ್ಕು ಮಹಡಿಯ ಕಟ್ಟಡದಿಂದ: ಎಂಟ್ರ್ಯಾಪ್‌ಮೆಂಟ್, ಅಂದರೆ ಲಿಫ್ಟಿನಲ್ಲಿ ಜನ ಸಿಕ್ಕಿಬಿದ್ದಿದ್ದಾರೆ, ಇಬ್ಬರು ಒಳಗೆ. ಆ್ಯಪ್ ನನ್ನನ್ನು ಹಿಡಿಯಿತು. ಅವನು ಕೊಟ್ಟಾರ ಚೌಕಿಯಲ್ಲಿ ಸ್ವಲ್ಪ ತಡೆದುಕೊಂಡರೂ ಲೇಡಿಹಿಲ್, ಮಣ್ಣಗುಡ್ಡ, ಅಳಕೆ ಎಂದು ಮೇಲಿನಿಂದ ಇಳಿದು ನನಗಿಂತ ಮೊದಲೇ ಮುಟ್ಟುತ್ತಿದ್ದ. ಇದನ್ನು ಕಂಟ್ರೋಲ್ ರೂಮಿಗೆ ಹೇಳಿದೆ. ‘ಸಿಸ್ಟಮ್‌ನಲ್ಲಿ ನೀವೇ ಹತ್ತಿರ ಇದ್ದೀರಿ ಸರ್’ ಎಂಬ ಉತ್ತರ ಬಂತು.

ಒಳಗಿದ್ದವರ ಮೊಬೈಲ್ ಸಂಖ್ಯೆ ವಾಚ್‌ಮನ್‌ನಿಂದ ಸಿಕ್ಕಿತು. ಮೊದಲ ಸಲ ಮಾತಾಡಿದಾಗ ನಾನು ಮಲ್ಲಿಕಟ್ಟೆಯಲ್ಲಿದ್ದೆ. ವಯಸ್ಸಾದ ಹೆಂಗಸಿನ ಧ್ವನಿ, ಜೊತೆಗೆ ಮೊಮ್ಮಗ. ಲೈಟು, ಫ್ಯಾನು ನಡೆಯುತ್ತಿವೆ. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿದೆ. ಕರೆಂಟು ಹೋಗಿ ನಿಂತಿದ್ದರೆ ಎಆರ್‌ಡಿ ಎಂಬ ಬ್ಯಾಟರಿ ಸಾಧನ ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುತ್ತಿತ್ತು. ಕರೆಂಟು ಇದ್ದೂ ನಿಂತಿದೆ ಎಂದರೆ, ಬಾಗಿಲಂಥದ್ದು ಸರಿಯಿಲ್ಲದಿದ್ದರೆ ಲಿಫ್ಟನ್ನು ನಿಲ್ಲಿಸುವ ಸೇಫ್ಟಿ ಸರ್ಕ್ಯೂಟ್ ಕಡಿದಿರಬೇಕು. ಅಲ್ಲಿಗೆ ಯಾರಾದರೂ ಹೋಗಲೇಬೇಕು.

‘ಹತ್ತು ನಿಮಿಷ ಅಮ್ಮ, ಬಂದೆ’ ಎಂದೆ.

ಬಂಟ್ಸ್ ಹಾಸ್ಟೆಲ್ ದಾಟಿ ಪಿವಿಎಸ್ ವೃತ್ತದ ಹತ್ತಿರ ಬಂದಾಗ ಒಂದು ಆಯ್ಕೆ ಇತ್ತು. ಬಲಕ್ಕೆ ಸುತ್ತು ಹಾಕಿ ಮಣ್ಣಗುಡ್ಡದ ಕಡೆಯಿಂದ ಅಳಕೆ, ನ್ಯೂಚಿತ್ರಾ ಮೂಲಕ ರಥಬೀದಿಗೆ ಇಳಿಯುವುದು, ಇಲ್ಲವೇ ನೇರವಾಗಿ ಕೆ.ಎಸ್. ರಾವ್ ರಸ್ತೆ. ಸುತ್ತು ಎಂದರೆ ದೂರ ಹೆಚ್ಚು. ಒಳಗೆ ಜನ ಇರುವಾಗ ದೂರದ ದಾರಿ ಹಿಡಿಯಲು ಮನಸ್ಸು ಒಪ್ಪುವುದಿಲ್ಲ. ವ್ಯಾನಿನ ಜಿಪಿಎಸ್ ನೋಡುತ್ತಾ ಕೂತವರೂ ಒಪ್ಪುವುದಿಲ್ಲ. ಕೆ.ಎಸ್. ರಾವ್ ರಸ್ತೆಗೆ ತಿರುಗಿಸಿದೆ. ಅಲ್ಲಿ ಮುಂದೆ ಒಂದು ಸಿಟಿ ಬಸ್ಸು, ಅದರ ಮುಂದೆ ಅದರ ಹಿಂದಿನ ಟ್ರಿಪ್ಪಿನ ಬಸ್ಸು. ಎರಡರ ಕಂಡಕ್ಟರ್‌ಗಳೂ ಕೆಳಗಿಳಿದು ನಿಮಿಷದ ಲೆಕ್ಕಕ್ಕೆ ಜಗಳ ತೆಗೆದಿದ್ದರು. ಎಡಕ್ಕೆ ಬಟ್ಟೆ ಅಂಗಡಿಗೆ ಬಂದ ಕಾರು ಅರ್ಧ ರಸ್ತೆಯಲ್ಲಿ ಹಿಂದೆ ಮುಂದೆ ಹೋಗುತ್ತಿತ್ತು. ಆಟೋಗಳು ಉಳಿದ ಸಂದಿಯಲ್ಲಿ ಮೂತಿ ತೂರಿಸಿ ಅದನ್ನೂ ಮುಚ್ಚಿದವು. ‘ರೈಟ್ ಪೋಯಿ’ ಎಂದು ಬಸ್ಸಿನ ತಗಡಿಗೆ ಬಡಿದ ಸದ್ದು ಕೇಳಿಸಿತು. ಬಸ್ಸು ಒಂದು ಚಕ್ರದಷ್ಟು ಮುಂದೆ ಹೋಗಿ ಮತ್ತೆ ನಿಂತು ಜನ ಹತ್ತಿಸಿಕೊಂಡಿತು.

ಮತ್ತೆ ಫೋನ್ ಮಾಡಿದೆ. ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು.

‘ಈಗ ಎಲ್ಲಿದ್ದೀರಿ?’

‘ಹತ್ತಿರ ಬಂದೆ ಅಮ್ಮ, ಇನ್ನೊಂದು ಹತ್ತು...’

‘ನಿಮಿಷ ಬೇಡ ಮಾರಾಯರೇ. ಜಾಗ ಹೇಳಿ.’

ಹೇಳಿದೆ. ಆಚೆ ಕಡೆ ಒಂದು ಕ್ಷಣ ಮೌನ.

‘ಕೆ.ಎಸ್. ರಾವ್ ರಸ್ತೆಯೇ? ಈ ಹೊತ್ತಿಗೆ? ನಿಮಗೆ ಅಳಕೆಯಿಂದ ಬರಲು ಏನಾಗಿತ್ತು?’

ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಂದ ದಾರಿಯ ವಿಷಯದಲ್ಲಿ ಬೈಸಿಕೊಂಡ ಟೆಕ್ನಿಷಿಯನ್ ಬೇರೆ ಯಾರಾದರೂ ಇದ್ದರೆ ತಿಳಿಸಬೇಕು. ಅಷ್ಟರಲ್ಲಿ ಫೋನಿನಲ್ಲಿ ಅವರ ಹಿಂದಿನಿಂದ ಕಬ್ಬಿಣ ಉಜ್ಜಿದ ಸದ್ದು ಕೇಳಿಸಿತು. ‘ಅದೇನದು?’ ಎಂದರೆ, ‘ವಾಚ್‌ಮನ್ ಹಾರೆ ತಂದಿದ್ದಾನೆ, ಬಾಗಿಲು ಮೀಟುತ್ತಾನಂತೆ. ಮೊಮ್ಮಗನನ್ನು ಮೊದಲು ಇಳಿಸಿ ಎನ್ನುತ್ತಿದ್ದಾರೆ’ ಎಂದರು.

ಅಲ್ಲಿಯವರೆಗೆ ನನಗೆ ಬಂದದ್ದು ಸಿಟ್ಟು; ಹೆದರಿಕೆ ಬಂದದ್ದು ಆಗ. ಎರಡು ಮಹಡಿಗಳ ನಡುವೆ ನಿಂತ ಕ್ಯಾಬಿನಿನಿಂದ ಕೆಳಗಿನ ಮಹಡಿಗೆ ಜಾರಿ ಇಳಿಯುವಾಗ ಕ್ಯಾಬಿನಿನ ಅಡಿಯಲ್ಲಿ ಲಿಫ್ಟ್ ಓಡಾಡುವ ಬಾವಿಯ ಬಾಯಿ ತೆರೆದೇ ಇರುತ್ತದೆ. ಕಾಲು ಒಳಮುಖವಾಗಿ ಹೋದರೆ ಮುಗಿಯಿತು. ಲಿಫ್ಟಿನೊಳಗೆ ಸುಮ್ಮನೆ ಕುಳಿತವರಿಗೆ ಅಪಾಯ ಕಡಿಮೆ. ಹೀಗೆ ‘ಬಿಡಿಸಲು’ ಹೋದಾಗಲೇ ಜನ ಬೀಳುವುದು. ಫೋನನ್ನು ಸ್ಪೀಕರಿಗೆ ಹಾಕಿಸಿ ವಾಚ್‌ಮನ್‌ಗೆ ಗಂಟಲು ಹರಿಯುವಂತೆ ಕೂಗಿದೆ: ಹಾರೆ ಕೆಳಗಿಡು, ಮೆಷಿನ್ ರೂಮಿನ ಬೀಗ ತೆರೆದಿಟ್ಟು ಅಲ್ಲೇ ನಿಲ್ಲು, ಬೇರೇನೂ ಮುಟ್ಟಬೇಡ. ಪಕ್ಕದ ಆಟೋದವನು ತನಗೇ ಬೈದೆನೆಂದು ತಿರುಗಿ ನೋಡಿದ.

ವ್ಯಾನು ಇನ್ನೂ ಅಲ್ಲೇ ಇತ್ತು. ಈ ಊರಿನ ರಚನೆಯೇ ಹಾಗೆ. ಕದ್ರಿ, ಬಲ್ಮಠ, ಬಾವುಟಗುಡ್ಡೆ, ಯಾವ ಗುಡ್ಡದಿಂದ ಇಳಿದರೂ ನೀವು ಬಂದು ಸೇರುವುದು ಹಂಪನಕಟ್ಟೆಯ ಆಸುಪಾಸಿಗೆ. ಅದರ ಕೆಳಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ, ಬಂದರು, ಆಮೇಲೆ ಹೊಳೆ. 2020ರ ಜನವರಿಯಲ್ಲಿ ಪಂಪ್‌ವೆಲ್ ಮೇಲ್ಸೇತುವೆ ತೆರೆದಾಗ ನಾವೂ ಸಂಭ್ರಮಪಟ್ಟೆವು, ಆದರೆ ಅದು ಊರನ್ನು ಹೊರಗಿನಿಂದ ದಾಟುವವರ ಅನುಕೂಲ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಒಳಗೂ ರಸ್ತೆಗೆ ಕಾಂಕ್ರೀಟು ಬಂತು, ಫುಟ್‌ಪಾತ್ ಬಂತು. ಭವಂತಿ ಸ್ಟ್ರೀಟಿನಂಥ ಓಣಿ ಯಾವ ಯೋಜನೆಯಲ್ಲೂ ಅಗಲವಾಗುವುದಿಲ್ಲ; ಅಂಗಡಿಗಳು ಎರಡೂ ಬದಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ.

ಕೊನೆಗೆ ನಮ್ಮದೇ ಎಎಮ್‌ಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇರುವ ಒಂದು ಕಾಂಪ್ಲೆಕ್ಸಿನ ಅಂಗಳಕ್ಕೆ ವ್ಯಾನು ನುಗ್ಗಿಸಿ, ಕಾವಲುಗಾರನ ಕೈಗೆ ಕೀಲಿ ಎಸೆದು ಇಳಿದೆ. ಟೂಲ್ ಬಾಕ್ಸು ಹೊರಲಾಗದಷ್ಟು ಭಾರ. ಡೋರ್ ಕೀ, ಟಾರ್ಚು, ಟೆಸ್ಟರು, ಎರಡು ಸ್ಕ್ರೂ ಡ್ರೈವರು ಮಾತ್ರ ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಗಣಪತಿ ಹೈಸ್ಕೂಲ್ ರಸ್ತೆಯಲ್ಲಿ ಓಡಿದೆ. ರಥಬೀದಿಯಲ್ಲಿ ಮಲ್ಲಿಗೆ ಮಾರುವವರ ಬುಟ್ಟಿಗೆ ಕಾಲು ತಾಗಿ ಅವರಿಂದಲೂ ಎರಡು ಮಾತು ಕೇಳಬೇಕಾಯಿತು. ಕಟ್ಟಡ ಮುಟ್ಟಿದಾಗ ನನಗೇ ಆಶ್ಚರ್ಯ: ಮಲ್ಲಿಕಟ್ಟೆಯಲ್ಲಿ ಹೇಳಿದ ಹತ್ತು ನಿಮಿಷ ಈ ಕೊನೆಯ ಓಟದ ಮಟ್ಟಿಗೆ ನಿಜವಾಗಿತ್ತು.

ಉಳಿದದ್ದು ದಿನನಿತ್ಯದ ಕೆಲಸ. ಮೇನ್ ಆಫ್ ಮಾಡಿ, ಬ್ರೇಕ್ ರಿಲೀಸ್ ಮಾಡಿ, ಕೈಚಕ್ರ ತಿರುಗಿಸಿ ಕ್ಯಾಬಿನನ್ನು ಎರಡನೇ ಮಹಡಿಯ ಲೆವೆಲ್ಲಿಗೆ ತಂದು ಬಾಗಿಲು ತೆರೆದೆ. ಮೂರನೇ ಮಹಡಿಯ ಡೋರ್ ಲಾಕ್ ಕಾಂಟ್ಯಾಕ್ಟ್ ಸವೆದಿತ್ತು, ಸರ್ಕ್ಯೂಟ್ ಕಡಿದದ್ದು ಅಲ್ಲಿ. ಅದರ ಕೊಟೇಶನ್ ಬಹಳ ದಿನದಿಂದ ಅಸೋಸಿಯೇಶನ್‌ನವರ ಮೇಜಿನ ಮೇಲಿತ್ತು. ಆ ಅಮ್ಮ ಹೊರಬಂದವರು ನನ್ನ ಅಂಗಿ ಒದ್ದೆಯಾಗಿರುವುದನ್ನು ನೋಡಿ, ‘ಓಡಿ ಬಂದಿರಾ? ಮೊದಲೇ ಓಡಬಹುದಿತ್ತು’ ಎಂದರು. ಮೊಮ್ಮಗನಿಗೆ ಕೈಚಕ್ರ ನೋಡಬೇಕಿತ್ತಂತೆ. ಮೇಲೆ ಕರೆದುಕೊಂಡು ಹೋಗಿ ತೋರಿಸಿದೆ.

ಸೋಮವಾರದ ರಿವ್ಯೂ ಮೀಟಿಂಗಿನಲ್ಲಿ ಕೇಳಿದ ಪ್ರಶ್ನೆ ವ್ಯಾನು ಒಂದೇ ಕಡೆ ಅಷ್ಟು ಹೊತ್ತು ನಿಂತಿದ್ದೇಕೆ ಎಂಬುದು. ಒಳಗಿದ್ದವರು ಹೇಗಿದ್ದಾರೆ ಎಂದು ಯಾರೂ ಕೇಳಲಿಲ್ಲ. ಮೊದಲು ನಾವು ನಮ್ಮ ಸ್ಕೂಟರಿನಲ್ಲೇ ಹೋಗುತ್ತಿದ್ದೆವು, ಪೆಟ್ರೋಲ್ ಭತ್ಯೆ ಕೊಡುತ್ತಿದ್ದರು. ವಿಮೆಯ ಕಾರಣ ಹೇಳಿ ಅದನ್ನು ನಿಲ್ಲಿಸಿ ವ್ಯಾನು ಕೊಟ್ಟರು. ಕಾರಣ ತಪ್ಪೆನ್ನಲಾರೆ, ಮಳೆಗಾಲದಲ್ಲಿ ನಂತೂರಿನಲ್ಲಿ ಸ್ಕೂಟರ್ ಓಡಿಸಿದವರಿಗೆ ಅದು ಗೊತ್ತು. ಆದರೆ ಹಂಪನಕಟ್ಟೆಯ ಒಳಗೆ ವ್ಯಾನು ಸಹಾಯಕ್ಕೆ ಬರುವುದು ಭಾನುವಾರ ಬೆಳಿಗ್ಗೆ ಮಾತ್ರ.

ಈಗ ಹಳೇ ಪೇಟೆಯ ಕಾಲ್ ಬಂದರೆ ಆ್ಯಪ್ ಏನೇ ಹೇಳಲಿ, ನಾನೂ ಕೂಳೂರಿನವನೂ ಮೊದಲು ನಾವೇ ಮಾತಾಡಿಕೊಂಡು ಯಾರು ಹೋಗುವುದೆಂದು ನಿರ್ಧರಿಸುತ್ತೇವೆ. ಒಳಗಿದ್ದವರಿಗೆ ನಿಮಿಷ ಹೇಳುವುದನ್ನು ಬಿಟ್ಟಿದ್ದೇನೆ, ಇರುವ ಜಾಗ ಹೇಳುತ್ತೇನೆ. ಲೆಕ್ಕವನ್ನು ಮಂಗಳೂರಿನವರೇ ಹಾಕಿಕೊಳ್ಳುತ್ತಾರೆ. ನಡೆದು ಹೋಗುವಾಗ ಬೇಕಾಗುವಷ್ಟೇ ಸಾಮಾನು ಹಿಡಿಯುವ ಒಂದು ಹೆಗಲ ಚೀಲವನ್ನೂ ಕೊಂಡು, ಬಿಲ್ಲನ್ನು ಬೆಂಗಳೂರಿಗೆ ಕಳುಹಿಸಿದೆ. ಟೂಲ್ ಬಾಕ್ಸ್ ಈಗಾಗಲೇ ವಿತರಣೆಯಾಗಿದೆ ಎಂದು ಬರೆದು ವಾಪಸ್ ಕಳುಹಿಸಿದ್ದಾರೆ.