40 ಪದ, ಒಂದು ಕೆಂಪು ಬೊಂಬೆ

ಅಕ್ಟೋಬರ್ ಕೊನೆಯ ವಾರ ಪುರವಣಿಯಿಂದ ಫೋನ್ ಬಂತು. ರಾಜ್ಯೋತ್ಸವಕ್ಕೆ ಎರಡು ಪುಟ ಮಾಡ್ತಿದೀವಿ, ಕನ್ನಡದ 12 ಸಿನಿಮಾ, ಒಂದೊಂದರ ಬಗ್ಗೆ 40 ಪದ, ಶುಕ್ರವಾರ ಸಂಜೆಯೊಳಗೆ ಬೇಕು ಅಂದರು. ಹಳೇದೂ ಇರಲಿ, ಜನ ಮುಗಿಬಿದ್ದು ನೋಡಿದ್ದೂ ಇರಲಿ, ಪ್ರಶಸ್ತಿ ಬಂದದ್ದೂ ಇರಲಿ. "ನಿಮಗೇನು ಸರ್, ಕೂತರೆ ಒಂದು ಗಂಟೆ ಕೆಲಸ."

ನನಗೂ ಹಾಗೇ ಅನ್ನಿಸಿತ್ತು. 22 ವರ್ಷದಿಂದ ಇದೇ ಕೆಲಸ. ಶುಕ್ರವಾರ ಬೆಳಿಗ್ಗೆ ಮೊದಲ ಆಟ, ಮಧ್ಯಾಹ್ನ ಎಲ್ಲಾದರೂ ಅನ್ನ ಸಾರು, ಸಂಜೆಗೆ ಕಾಪಿ. ಅದರ ಮುಂದೆ 40 ಪದ ಯಾವ ಲೆಕ್ಕ. ನಿಜ ಹೇಳಬೇಕೆಂದರೆ ಚಿಕ್ಕದಾಗಿ ಬರೆಯುವುದರಲ್ಲಿ ಒಂದು ಚಟವೂ ಇದೆ. ಉದ್ದ ಬರೆಯುವಾಗ ಹಿಂದೆ ಮುಂದೆ ನೋಡಬೇಕು, ಹೊಗಳಿದ್ದಕ್ಕೆ ಕಾರಣ ಕೊಡಬೇಕು, ತೆಗಳಿದ್ದಕ್ಕೆ ಇನ್ನೂ ಜಾಸ್ತಿ ಕಾರಣ ಕೊಡಬೇಕು. 40 ಪದದಲ್ಲಿ ಅದಕ್ಕೆಲ್ಲ ಜಾಗವೇ ಇಲ್ಲ. ಒಂದು ಚುರುಕಾದ ಮಾತು ಎಸೆದು ಎದ್ದುಬಿಡಬಹುದು. 'ನಾಗರಹಾವು' ತೆರೆಗೆ ಬಂದಾಗ ಅದರ ಕಾದಂಬರಿಗಳನ್ನು ಬರೆದ ತ.ರಾ.ಸು. ಅವರೇ ಇದು ನಾಗರಹಾವಲ್ಲ, ಕೇರೆಹಾವು ಅಂದರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. 50 ವರ್ಷ ಕಳೆದರೂ ಆ ಒಂದು ಪದ ಸತ್ತಿಲ್ಲ. ನಮ್ಮಂಥ ವಿಮರ್ಶಕರಿಗೆಲ್ಲ ಹೊಟ್ಟೆಕಿಚ್ಚು ಬರಬೇಕು.

ಮಂಗಳವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಕೂತೆ. ಎಲ್ಲವೂ ತಲೆಯಲ್ಲೇ ಇತ್ತು, ಯಾವುದನ್ನೂ ಮತ್ತೆ ನೋಡಲಿಲ್ಲ. 'ಬಂಗಾರದ ಮನುಷ್ಯ'ಕ್ಕೆ "ರಾಜ್‌ಕುಮಾರ್ ಬಂಡೆ ಒಡೆದರೆ ನಂಬುತ್ತೇವೆ, ಎಲ್ಲರನ್ನೂ ಕ್ಷಮಿಸಿದರೆ ನಂಬುವುದು ಕಷ್ಟ, ಸಕ್ಕರೆ ಸ್ವಲ್ಪ ಜಾಸ್ತಿ" ಅಂತ ಬರೆದೆ. 'ಶರಪಂಜರ'ಕ್ಕೆ "ಕಥೆ ತ್ರಿವೇಣಿಯವರದು, ಅಬ್ಬರ ಕಲ್ಪನಾ ಅವರದು". 'ಸಂಸ್ಕಾರ'ಕ್ಕೆ "ಹೆಣ ಸುಡುವುದು ಹೇಗೆ ಅಂತ ಊರೆಲ್ಲ ತಲೆ ಕೆಡಿಸಿಕೊಂಡ ಸಿನಿಮಾ, ಇದನ್ನು ಬಿಡುಗಡೆ ಮಾಡುವುದು ಹೇಗೆ ಅಂತ ಸೆನ್ಸಾರಿನವರು ತಲೆ ಕೆಡಿಸಿಕೊಂಡರು". ಇದನ್ನು ಬರೆದು ನಾನೇ ನಕ್ಕೆ. 'ಓಂ'ಗೆ "ರೌಡಿಗಳ ಬಗ್ಗೆ ಸಿನಿಮಾ ಎಲ್ಲರೂ ಮಾಡುತ್ತಾರೆ, ಉಪೇಂದ್ರ ರೌಡಿಗಳನ್ನೇ ಕರೆದುಕೊಂಡು ಬಂದರು". ಹನ್ನೊಂದು ಗಂಟೆಗೆ ಎಲ್ಲ ಮುಗಿಸಿ ಕಳಿಸಿ, ಬ್ಯಾಂಕಿಗೆ ಹೋಗಿ ಬಂದೆ.

ಬುಧವಾರ ಬೆಳಿಗ್ಗೆ ಡೆಸ್ಕಿನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಹೊಸದಾಗಿ ಸೇರಿದವಳಂತೆ.

"ಸರ್, ಕಸ್ತೂರಿ ನಿವಾಸಕ್ಕೆ 'ಬಿದ್ದರೂ ಎದ್ದು ಕೂರುವ ಆ ಕೆಂಪು ಬೊಂಬೆ' ಅಂತ ಬರೆದಿದ್ದೀರಿ."

"ಹೌದು, ಹಾಡಿನಲ್ಲಿ ಬರುತ್ತಲ್ಲಮ್ಮ."

"ಅದು ಬ್ಲ್ಯಾಕ್ ಅಂಡ್ ವೈಟ್ ಅಲ್ವಾ ಸರ್?"

ನಾನು ಸುಮ್ಮನಾದೆ. ಅವಳೇ ಪಾಪ ದಾರಿ ತೋರಿಸಿದಳು. "2014ರಲ್ಲಿ ಬಣ್ಣ ಹಾಕಿ ಬಿಡುಗಡೆ ಮಾಡಿದ್ರಲ್ಲ, ಅದನ್ನ ನೋಡಿ ಬರೆದ್ರಾ? ಹಾಗಿದ್ರೆ ಹಾಗೇ ಬಿಡ್ತೀನಿ."

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಬಣ್ಣದ ಪ್ರತಿಯನ್ನು ನಾನು ನೋಡಿರಲೇ ಇಲ್ಲ. ನೋಡುವುದಿಲ್ಲ ಅಂತ ಹಟ ಹಿಡಿದಿದ್ದೆ. ಕಪ್ಪು ಬಿಳುಪಿನಲ್ಲಿ ತೆಗೆದ ಸಿನಿಮಾಕ್ಕೆ ಮೇಲಿಂದ ಬಣ್ಣ ಬಳಿಯುವುದು ಅಜ್ಜಿಗೆ ತುಟಿರಂಗು ಹಚ್ಚಿದ ಹಾಗೆ ಅಂತ ಆವಾಗ ಅರ್ಧ ಕಾಲಂ ಬರೆದು ಬೈದಿದ್ದೆ. ಅದೇ ನಾನು, ಯಾರೂ ಕೇಳದೆ, ತಲೆಯೊಳಗೇ ಆ ಸಿನಿಮಾಕ್ಕೆ ಬಣ್ಣ ಬಳಿದು ಇಟ್ಟುಕೊಂಡಿದ್ದೇನೆ. ಎಷ್ಟು ವರ್ಷದಿಂದಲೋ ಏನೋ.

"ಪೂರ್ತಿ ಕಾಪಿ ತಡೆಹಿಡಿಯಮ್ಮ, ಶುಕ್ರವಾರ ಮಧ್ಯಾಹ್ನ ಕೊಡ್ತೀನಿ" ಅಂದೆ. ಒಂದು ಬೊಂಬೆಯ ಬಣ್ಣವೇ ಹೀಗಾದರೆ ಉಳಿದ ಹನ್ನೊಂದರ ಗತಿ ಏನು ಅಂತ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಗಿತ್ತು.

ಮೊದಲು 'ಕಸ್ತೂರಿ ನಿವಾಸ'ವನ್ನೇ ಹಾಕಿದೆ. ಟೀವಿಯಲ್ಲಿ ಯೂಟ್ಯೂಬ್. ರಾಜ್‌ಕುಮಾರ್ ಕಣ್ಣು ತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ಚಿನ್ನದ ಸಾಲದ ಜಾಹೀರಾತು ಬರುತ್ತದೆ. ಮನೆ ಮಠ ಎಲ್ಲ ಕೊಟ್ಟು ಬರಿಗೈಯಾದವನ ಕಥೆಯ ಮಧ್ಯೆ ಸಾಲ ತಗೊಳ್ಳಿ ಅಂತ ಕೂಗುತ್ತಾರೆ. ಇರಲಿ. 1971ರ ಸಿನಿಮಾ, ದೊರೈ–ಭಗವಾನ್ ನಿರ್ದೇಶನ. ನಾನು ಮೊದಲು ನೋಡಿದ್ದು ತಿಪಟೂರು ಕಡೆಯ ನಮ್ಮೂರಿನ ಟೂರಿಂಗ್ ಟಾಕೀಸಿನಲ್ಲಿ, ಮರಳ ಮೇಲೆ ಕೂತು, ಎಂಟೊಂಬತ್ತು ವರ್ಷದವನಾಗಿದ್ದಾಗ. ಅಂದಿನಿಂದ ಈ ಸಿನಿಮಾ ಅಂದರೆ ತ್ಯಾಗ, ತ್ಯಾಗ ಅಂದರೆ ಈ ಸಿನಿಮಾ. ನಾಲ್ಕೈದು ಸಲ ಬರೆದೂ ಇದ್ದೇನೆ, ಪ್ರತಿ ಸಲವೂ ತ್ಯಾಗ ಅನ್ನುವ ಪದ ಹಾಕಿದ್ದೇನೆ.

ಈಗ ನೋಡಿದರೆ ಬೇರೆಯೇ ಕಾಣಿಸಿತು. ಬೆಂಕಿಪೊಟ್ಟಣದ ಕಾರ್ಖಾನೆಯ ಯಜಮಾನ ಕೊಡುತ್ತಲೇ ಹೋಗುತ್ತಾನೆ, ಸರಿ. ಆದರೆ ಅವನಿಗೆ ತೆಗೆದುಕೊಳ್ಳಲು ಬರುವುದಿಲ್ಲ. ಯಾರಾದರೂ ವಾಪಸ್ ಕೊಡಲು ಬಂದರೆ ಮುಖವೇ ಬೇರೆ ಆಗುತ್ತದೆ. ಅದು ದೊಡ್ಡತನವೋ ಗರ್ವವೋ ಅಂತ ರಾಜ್‌ಕುಮಾರ್ ಮುಖ ಬಿಟ್ಟುಕೊಡುವುದಿಲ್ಲ, ಎರಡೂ ಅಲ್ಲಿದೆ. ಕೊನೆಯಲ್ಲಿ ಮನೆಗೆ ಬಂದವಳಿಗೆ ಊಟ ಹಾಕಲು ಪಾರಿವಾಳವನ್ನೇ ಮಾರಿರುತ್ತಾನೆ, ಅವಳು ಬಂದದ್ದೇ ಮಗುವಿಗಾಗಿ ಆ ಪಾರಿವಾಳ ಕೇಳುವುದಕ್ಕೆ. ಜೀವನದಲ್ಲಿ ಮೊದಲ ಸಲ ಇಲ್ಲ ಅನ್ನಬೇಕು. ಅಲ್ಲಿ ಅವನು ಸಾಯುವುದು ಬಡತನಕ್ಕಲ್ಲ, ಆ 'ಇಲ್ಲ' ಅನ್ನುವ ಮಾತಿಗೆ. ಇಷ್ಟು ವರ್ಷ ನಾನು ಇದನ್ನು ನೋಡಿರಲಿಲ್ಲವೋ ನೋಡಿ ಮರೆತಿದ್ದೆನೋ. ಬೊಂಬೆ ಮಾತ್ರ ಬೂದು ಬಣ್ಣದ್ದೇ.

ಅದರ ಹಿಂದೆಯೇ 'ಶರಪಂಜರ'. ಇಲ್ಲೊಂದು ತಪ್ಪೊಪ್ಪಿಗೆ ಇದೆ. ಇದನ್ನು ನಾನು ಮೊದಲಿನಿಂದ ಕೊನೆಯವರೆಗೆ ಒಂದೇ ಏಟಿಗೆ ನೋಡಿಯೇ ಇರಲಿಲ್ಲ. ಹಾಡುಗಳನ್ನು ನೋಡಿದ್ದೆ, ಟೀವಿಯಲ್ಲಿ ಅರ್ಧರ್ಧ ನೋಡಿದ್ದೆ. ಕಲ್ಪನಾ ಜಾಸ್ತಿ ಮಾಡ್ತಾರೆ ಅನ್ನುವ ಅಭಿಪ್ರಾಯ ನನ್ನದಲ್ಲ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರೆಸ್ ಶೋ ಮುಗಿಸಿ ಟೀ ಅಂಗಡಿ ಮುಂದೆ ನಿಂತಾಗ ಹಿರಿಯರೊಬ್ಬರು ಹೇಳಿದ್ದು. ಒಳ್ಳೆ ಮಾತು ಅನ್ನಿಸಿತು, ಎತ್ತಿಕೊಂಡೆ. 22 ವರ್ಷ ಅದನ್ನೇ ಬೇರೆ ಬೇರೆ ಪದದಲ್ಲಿ ಮಾರಿದ್ದೇನೆ.

ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿದ್ದು ಗುಣವಾಗಿ ಮನೆಗೆ ಬರುತ್ತಾಳೆ. ಮನೆಗೆ ಬಂದ ಮೇಲಿನದ್ದೇ ನಿಜವಾದ ಸಿನಿಮಾ. ಅವಳು ನಕ್ಕರೆ ಪಕ್ಕದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಟ್ಟಾದರೆ ಮತ್ತೆ ಶುರುವಾಯ್ತು ಅಂತಾರೆ. ಗಂಡ ಆಗಲೇ ಇನ್ನೊಬ್ಬಳ ಕಡೆ ತಿರುಗಿದ್ದಾನೆ. ನಿರ್ದೇಶಕ ಪುಟ್ಟಣ್ಣ ಅವಳ ಕೈಲಿ ಮೊದಲು ಮೆಲ್ಲಗೆ ಮಾತಾಡಿಸುತ್ತಾರೆ, ತುಂಬಾ ಹೊತ್ತು ಮೆಲ್ಲಗೇ ಮಾತಾಡಿಸುತ್ತಾರೆ. ಯಾರೂ ಕೇಳಿಸಿಕೊಳ್ಳುವುದಿಲ್ಲ. ಆಮೇಲೆ ಅವಳು ಕಿರುಚುತ್ತಾಳೆ. ನಾನು ಕಿರುಚಿದ್ದನ್ನು ಮಾತ್ರ ಕೇಳಿಸಿಕೊಂಡು 'ಅಬ್ಬರ' ಅಂತ ಬರೆದೆ, ಅಂದರೆ ಆ ಪಕ್ಕದ ಮನೆಯವರ ಸಾಲಿನಲ್ಲಿ ನಾನೂ ನಿಂತಿದ್ದೆ. ಸಿನಿಮಾ ಮುಗಿದು ಅವಳು ಮತ್ತೆ ಆಸ್ಪತ್ರೆಗೆ ಹೋದ ಮೇಲೆ ಸ್ವಲ್ಪ ಹೊತ್ತು ಟೀವಿ ಆರಿಸದೆ ಕೂತಿದ್ದೆ. ನನ್ನ ಹೆಂಡತಿ ಬಂದು, "ಊಟಕ್ಕೆ ಬರ್ತೀರಾ, ಇನ್ನೊಂದು ನೋಡ್ತೀರಾ?" ಅಂದಳು. ಊಟ ಮಾಡಿ ಇನ್ನೊಂದು ನೋಡಿದೆ.

'ನಾಗರಹಾವು' ನೋಡುತ್ತಾ ಸಿಟ್ಟು ಬಂತು, ಅದೂ ಚಾಮಯ್ಯ ಮೇಷ್ಟ್ರ ಮೇಲೆ. ಅಶ್ವಥ್ ಅವರನ್ನು ಪ್ರೀತಿಸದ ಕನ್ನಡಿಗ ಇಲ್ಲ, ನನಗೂ ಪ್ರೀತಿಯೇ. ಆದರೆ ಅಲಮೇಲುವನ್ನು ಬಿಟ್ಟುಬಿಡು ಅಂತ ಹುಡುಗನನ್ನು ಒಪ್ಪಿಸಿದ್ದು ಯಾರು? ಅವಳು ಇನ್ಯಾರನ್ನೋ ಮದುವೆಯಾಗಿ ಕೊನೆಗೆ ಯಾವ ಸ್ಥಿತಿಯಲ್ಲಿ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ? ಅಷ್ಟಾದ ಮೇಲೂ ಮಾರ್ಗರೆಟ್ ವಿಷಯಕ್ಕೆ ಮೇಷ್ಟ್ರು ಅದೇ ಮಾತನ್ನು ಹಿಡಿದುಕೊಂಡು ಬೆಟ್ಟ ಹತ್ತುತ್ತಾರೆ. ವಿಷ ಹಾವಿನದ್ದಲ್ಲ, ಪ್ರೀತಿಯಿಂದ ತಲೆ ಸವರಿದ ಕೈಯದ್ದು. ಇದನ್ನು ಪುಟ್ಟಣ್ಣ ಬೇಕಂತಲೇ ಇಟ್ಟರೋ ಅಥವಾ ಮೇಷ್ಟ್ರು ಮಾಡಿದ್ದು ಸರಿ ಅಂತಲೇ ನಂಬಿದ್ದರೋ ಅಂತ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ವಿಷ್ಣುವರ್ಧನ್ ಮಾತ್ರ ಆ ಕೋಟೆಯ ಕಲ್ಲುಗಳ ಮಧ್ಯೆ ಕಲ್ಲಿನಷ್ಟೇ ಬಿಸಿಯಾಗಿದ್ದಾರೆ.

ಗುರುವಾರ ಐದು ಸಿನಿಮಾ. ಕಣ್ಣು ಉರಿಯುತ್ತಿತ್ತು. 'ಭೂತಯ್ಯನ ಮಗ ಅಯ್ಯು'ವಿನಲ್ಲಿ ಹೆಣ ಹೊರಲು ಊರಿನವರು ಬಾರದ ಭಾಗ ಈಗಲೂ ಹಾಗೇ ಚುಚ್ಚುತ್ತದೆ, ಕೊನೆಯ ನೆರೆಯಷ್ಟೇ ಸ್ವಲ್ಪ ಉದ್ದವಾಯ್ತು. 'ಸಂಸ್ಕಾರ'ದ ಬಗ್ಗೆ ಬರೆದ ಜೋಕು ಜೋಕಾಗಿಯೇ ಚೆನ್ನಾಗಿತ್ತು, ಸಿನಿಮಾದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಕಾರ್ನಾಡರ ಪ್ರಾಣೇಶಾಚಾರ್ಯ ಜಾತ್ರೆಯಲ್ಲಿ ಯಾರಾದರೂ ಗುರುತು ಹಿಡಿದಾರು ಅಂತ ಅಂಜಿಕೊಂಡು ನಡೆಯುವುದಿದೆಯಲ್ಲ, ಅದಕ್ಕೇ ಒಂದು ಪುಟ ಬರೆಯಬಹುದು. 'ಘಟಶ್ರಾದ್ಧ'ವನ್ನು ಮುಟ್ಟುವುದೇ ಬೇಡ ಅನ್ನಿಸಿತು. 1977ರ ಸಿನಿಮಾ, ಪ್ರತಿಯನ್ನು ಹೊಸದಾಗಿ ಶುಚಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಾಗೆ 40 ಪದ ಯಾಕೆ ಬೇಕು ಹೇಳಿ? ನಾಲ್ಕು ಸಾಕು, ಇಲ್ಲ ಅಂದರೆ ಪುಸ್ತಕವೇ ಬೇಕು.

ಸಂಜೆ 'ಮುಂಗಾರು ಮಳೆ' ಹಾಕಿದಾಗ ಹೆಂಡತಿಯೂ ಬಂದು ಕೂತಳು, ನನ್ನನ್ನು ಕೆಣಕಲಿಕ್ಕೆ. 2006ರ ಡಿಸೆಂಬರ್‌ನಲ್ಲಿ ಇದಕ್ಕೆ ಎರಡೂವರೆ ಸ್ಟಾರ್ ಕೊಟ್ಟ ಮಹಾನುಭಾವ ನಾನು. "ಮಾತು ಜಾಸ್ತಿ, ಮಳೆ ಜಾಸ್ತಿ, ಮೊಲವೂ ಜಾಸ್ತಿ" ಅಂತ ಬರೆದಿದ್ದೆ. ಮಲ್ಟಿಪ್ಲೆಕ್ಸಿನಲ್ಲೇ ವರ್ಷ ದಾಟಿ ಓಡಿತು. ಮದುವೆ ಮುಂಜಿಗೆ ಹೋದರೆ ನೆಂಟರು ಈಗಲೂ "ಎರಡೂವರೆ ಬಂದ್ರು" ಅಂತಾರೆ. ಮತ್ತೆ ನೋಡಿದೆ. ಮಾತು ಈಗಲೂ ಜಾಸ್ತಿಯೇ, ಹಿಂದೆ ಸರಿಯುವುದಿಲ್ಲ. ಆದರೆ ಗಣೇಶ್ ಕುಡಿದು ಮೊಲದ ಜೊತೆ ಮಾತಾಡುವಾಗ, ಆ ವಟವಟ ಎಲ್ಲ ಹೇಳಲಾಗದ ಒಂದೇ ಮಾತಿನ ಸುತ್ತ ಸುತ್ತುತ್ತಿದೆ ಅಂತ ಈ ಸಲ ಗೊತ್ತಾಯ್ತು. ಕೊನೆಗೆ ಹುಡುಗ ಹುಡುಗಿಯನ್ನು ಬಿಟ್ಟುಕೊಟ್ಟು ಹೋಗುತ್ತಾನೆ.

ಬಿಟ್ಟುಕೊಟ್ಟು ಹೋಗುತ್ತಾನೆ! ಅಲ್ಲಿ ಎದ್ದು ಕೂತೆ. ಎರಡು ದಿನದಿಂದ ಇದನ್ನೇ ತಾನೆ ನೋಡುತ್ತಿರುವುದು? ಕಸ್ತೂರಿ ನಿವಾಸದವನು ಎಲ್ಲ ಕೊಟ್ಟು ಹೋದ. ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟ. 'ಬಂಗಾರದ ಮನುಷ್ಯ'ದ ರಾಜೀವ ಕಷ್ಟಪಟ್ಟು ಬೆಳೆಸಿದ ಹೊಲ ಮನೆ ಬಿಟ್ಟು ಹೊರಟೇಬಿಟ್ಟ, ಆ ಸಿನಿಮಾ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅಂತಾರೆ. ನಮ್ಮ ಜನಕ್ಕೆ ಗೆದ್ದವನಿಗಿಂತ ಗೆದ್ದದ್ದನ್ನು ಬಿಟ್ಟು ಹೋದವನೇ ಇಷ್ಟ. ಸಕ್ಕರೆ ಜಾಸ್ತಿ ಅಂತ ನಾನು ಮುಖ ಸಿಂಡರಿಸಿದ್ದು ಅದಕ್ಕೇ, ಜನ ಸಾಲು ನಿಂತದ್ದೂ ಅದಕ್ಕೇ. ಬೇರೆ ಬೇರೆ ವರ್ಷ ಬೇರೆ ಬೇರೆ ಮೂಡಿನಲ್ಲಿ ನೋಡಿದ್ದರಿಂದ ನನಗೆ ಇದು ಒಟ್ಟಿಗೆ ಕಂಡಿರಲೇ ಇಲ್ಲ.

ಕೊನೆಗೆ ಉಳಿದದ್ದು 'ತಿಥಿ'. ಮಂಡ್ಯದ ಹಳ್ಳಿಯ ಜನರೇ ನಟಿಸಿದ್ದು, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ತಂದದ್ದು. ರಾತ್ರಿ ಹನ್ನೊಂದಾಗಿತ್ತು. ಗಡ್ಡಪ್ಪ ಬ್ರಾಂದಿ ಬಾಟಲಿ ಹಿಡಿದುಕೊಂಡು ಹೊಲದ ಬದುವಿನ ಮೇಲೆ ನಡೆಯುತ್ತಿದ್ದಾನೆ, ಮಗ ಜಮೀನಿಗಾಗಿ ಅಪ್ಪ ಸತ್ತೇಹೋದ ಅಂತ ಕಾಗದ ಮಾಡಿಸಲು ಓಡಾಡುತ್ತಿದ್ದಾನೆ. ಗಡ್ಡಪ್ಪನೂ ಬಿಟ್ಟು ಹೋದವನೇ ಅಲ್ವಾ? ಆದರೆ ಹಾಡಿಲ್ಲ, ಕಣ್ಣೀರಿಲ್ಲ, ತ್ಯಾಗವೂ ಅಲ್ಲ. ಸುಮ್ನೆ ಬೇಡ, ಅಷ್ಟೇ. ರಾಜ್‌ಕುಮಾರ್ ಎರಡು ಕೈಯಲ್ಲಿ ಎತ್ತಿ ಕೊಟ್ಟದ್ದನ್ನು ಈ ಮುದುಕ ಎತ್ತಿಕೊಂಡಿರಲೇ ಇಲ್ಲ. ನಗು ಬಂತು, ಒಬ್ಬನೇ ನಕ್ಕೆ.

ಶುಕ್ರವಾರ ಬೆಳಿಗ್ಗೆ ಹನ್ನೆರಡನ್ನೂ ಮತ್ತೆ ಬರೆದೆ. ಒಂದು ಗಂಟೆ ಕೆಲಸ ಏಳು ಗಂಟೆ ಹಿಡಿಯಿತು. 'ಓಂ' ಒಂದನ್ನು ಬಿಟ್ಟು ಎಲ್ಲ ಬದಲಾಯಿತು, ಅದರ ಬಗ್ಗೆ ನನ್ನ ಹಳೇ ಮಾತೇ ಸರಿ ಇತ್ತು. 'ಕಸ್ತೂರಿ ನಿವಾಸ'ಕ್ಕೆ ಬರೆದದ್ದು ಇಷ್ಟು: "ಕೊಡಲು ಮಾತ್ರ ಬಲ್ಲವನ ಕಥೆ. ತೆಗೆದುಕೊಳ್ಳಲು ಕಲಿತಿದ್ದರೆ ಬದುಕುತ್ತಿದ್ದ. ರಾಜ್‌ಕುಮಾರ್ 'ಇಲ್ಲ' ಅನ್ನಲಾಗದೆ ನಿಂತ ಆ ಕ್ಷಣಕ್ಕಾಗಿ ನೋಡಿ, ಕಪ್ಪು ಬಿಳುಪಿನಲ್ಲೇ ನೋಡಿ." ಡೆಸ್ಕಿನ ಹುಡುಗಿ ಓದಿ, "ಬೊಂಬೆ ಬಿಟ್ಬಿಟ್ರಲ್ಲ ಸರ್" ಅಂದಳು. 'ಶರಪಂಜರ' ಮಾತ್ರ 61 ಪದ ಆಗಿತ್ತು, ಅವಳೇ ಕೂತು 40ಕ್ಕೆ ಇಳಿಸಿದಳು, ನನಗಿಂತ ಚೆನ್ನಾಗಿಯೇ ಇಳಿಸಿದಳು.

ಬೊಂಬೆಯ ಕೆಂಪು ಮಾತ್ರ ಎಲ್ಲಿಂದ ಬಂತು ಅಂತ ತಲೆಯಲ್ಲಿ ಕೊರೆಯುತ್ತಲೇ ಇತ್ತು. ರಾತ್ರಿ ಊರಿಗೆ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಚಿಕ್ಕವರಿದ್ದಾಗ ನಮ್ಮನೇಲಿ ಬೀಳಿಸಿದರೆ ಏಳೋ ಬೊಂಬೆ ಒಂದಿತ್ತಲ್ಲ, ಕೆಂಪು?"

"ನಮ್ಮನೇಲಿ ಎಲ್ಲಿತ್ತೋ? ಅದು ಪಕ್ಕದ ಮನೆಯೋರದ್ದು. ನೀನು ಎತ್ಕೊಂಡು ಬಂದಿದ್ದೆ. ಅಮ್ಮ ಎರಡು ಬಿಟ್ಟು ವಾಪಸ್ ಕೊಡಿಸಿದ್ರು."

"ಕೆಂಪು ತಾನೆ?"

"ಬಣ್ಣ ಯಾರಿಗೆ ನೆನಪಿರುತ್ತೆ? ಕೊಡಲ್ಲ ಅಂತ ಬೀದೀಲೆಲ್ಲ ಉರುಳಾಡಿ ಅತ್ತಿದ್ಯಲ್ಲೋ, ಅದು ನೆನಪಿಲ್ವಾ ನಿಂಗೆ?"