ಖಾಲಿ ಗೂಡಿಗೆ ಕಾವು ಕೊಟ್ಟ ಬೂದಿ

ಮೊಟ್ಟೆ ತೆಗೆಯಲು ಗೂಡಿಗೆ ಕೈ ಹಾಕಿದ್ದೇ ತಡ, ಬೂದಿ ಮಣಿಕಟ್ಟಿಗೆ ಕುಕ್ಕಿತು. ಹಾಗೆ ಕುಕ್ಕುವ ಕೋಳಿಯೇ ಅಲ್ಲ ಅದು. ಅಂಗೈಯಲ್ಲಿ ಕಾಳು ಹಿಡಿದು ಕೂತರೆ ತೊಡೆ ಹತ್ತಿ ತಿನ್ನುವ ಸಾಧು ಹೇಂಟೆ. ಅವತ್ತು ಪುಕ್ಕವೆಲ್ಲ ಕೆದರಿಕೊಂಡು, ಮೈಯನ್ನು ತಟ್ಟೆಯ ಹಾಗೆ ಅಗಲ ಮಾಡಿಕೊಂಡು, ಗಂಟಲಲ್ಲೇ ಗುರುಗುಡುತ್ತ ಕೂತಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಒಂದು ಮೊಟ್ಟೆಯೂ ಇಲ್ಲ. ಹುಲ್ಲು, ಅದರ ಮೇಲೆ ತನ್ನ ಎದೆಯಿಂದಲೇ ಕಿತ್ತು ಹಾಸಿಕೊಂಡ ಮೆತ್ತನೆಯ ಪುಕ್ಕ, ಅಷ್ಟೇ.

ಕಾವಿಗೆ ಬಂದಿತ್ತು, ಅಂದರೆ ಮೊಟ್ಟೆಗೆ ಕೂತು ಮರಿ ಮಾಡುವ ಹಂಬಲ ಹತ್ತಿತ್ತು. ಅದಾದ ಮೂರು ದಿನಕ್ಕೆ ಕೆಂಚಿಯೂ ಕಾವಿಗೆ ಬಂತು. ಕೆಂಚಿ ಹಿಂದೆ ಎರಡು ಸಲ ಮರಿ ಮಾಡಿದ ಅನುಭವಸ್ಥೆ. ಹಾಗಾಗಿ ಹನ್ನೊಂದು ಮೊಟ್ಟೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ರಾತ್ರಿ ಕತ್ತಲಲ್ಲಿ ಅದನ್ನು ಬೇರೆ ಮೂಲೆಯ ಬುಟ್ಟಿಗೆ ಸಾಗಿಸಿ ಕೂರಿಸಿದೆ. ಬೇರೆ ಕೋಳಿಗಳು ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ, ಗುರುತು ಹಾಕದಿದ್ದರೆ ಆಮೇಲೆ ಯಾವುದು ಎಷ್ಟು ದಿನದ್ದು ಎಂದೇ ತಿಳಿಯುವುದಿಲ್ಲ. ಎರಡು ಹಿಂಡು ಮರಿ ಸಾಕುವಷ್ಟು ಜಾಗ ನಮ್ಮಲ್ಲಿರಲಿಲ್ಲ. ಬೂದಿಗೆ ಮೊಟ್ಟೆ ಇಡುವುದು ಬೇಡ, ನಾಲ್ಕು ದಿನ ಕೂತು ಬೇಸತ್ತು ತಾನೇ ಏಳುತ್ತದೆ ಅಂದುಕೊಂಡೆ.

ಅತ್ತೆ ಆಗಲೇ ಹೇಳಿದ್ದರು. “ಮೊಟ್ಟೆನಾದ್ರೂ ಇಡು, ಇಲ್ಲಾ ಕಾವು ಬಿಡಿಸು. ಎರಡೂ ಇಲ್ದೆ ಬಿಟ್ರೆ ಕೋಳಿ ಸೊರಗಿ ಹೋಗುತ್ತೆ ಕಣಮ್ಮ.”

“ತಾನೇ ಏಳುತ್ತೆ ಬಿಡಿ ಅತ್ತೆ” ಅಂದಿದ್ದೆ.

ದಿನಕ್ಕೆ ಎರಡು ಸಲ ಬೂದಿಯನ್ನು ಎತ್ತಿಕೊಂಡು ಬಂದು ಅಂಗಳದಲ್ಲಿ ಬಿಡುತ್ತಿದ್ದೆ. ಎಲ್ಲಿ ಇಟ್ಟೆನೋ ಅಲ್ಲೇ ಒಂದು ಕ್ಷಣ ಮುದುಡಿ ಕೂರುತ್ತಿತ್ತು. ಆಮೇಲೆ ಎಚ್ಚರವಾದಂತೆ ಎದ್ದು ಕ್ಲೊಕ್ ಕ್ಲೊಕ್ ಎನ್ನುತ್ತ ಗಬಗಬ ನಾಲ್ಕು ಕಾಳು ತಿಂದು, ನೀರು ಕುಡಿದು, ಮುಷ್ಟಿ ಗಾತ್ರದ ನಾರುವ ಹಿಕ್ಕೆ ಹಾಕಿ ಸೀದಾ ಗೂಡಿಗೆ ಓಡುತ್ತಿತ್ತು. ತಿಂದಿತಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅದು ಕಾವಿಗೆ ಕೂತ 17ನೇ ದಿನ ರಾತ್ರಿ ಗೂಡಿನ ಬಾಗಿಲು ಹಾಕಲು ಹೋದವಳು ಸುಮ್ಮನೆ ಅದರ ಎದೆಯಡಿಗೆ ಕೈ ತೂರಿಸಿದೆ. ಎದೆಮೂಳೆ ಚಾಕುವಿನ ಬಾಯಿಯಂತೆ ಬೆರಳಿಗೆ ಸಿಕ್ಕಿತು. ಅದರ ಎರಡೂ ಕಡೆ ತುಂಬಿಕೊಂಡಿರಬೇಕಾದ ಮಾಂಸ ಒಳಗೆ ಇಳಿದುಹೋಗಿತ್ತು. ಹೊಟ್ಟೆಯ ಬರಿ ಚರ್ಮ ಮಾತ್ರ ಬಿಸಿಬಿಸಿ. ಟಾರ್ಚ್ ಬಿಟ್ಟು ನೋಡಿದೆ: ಕೆಂಪಗಿದ್ದ ಜುಟ್ಟು ಬಿಳಿಚಿಕೊಂಡಿದೆ, ಪುಕ್ಕದ ಬುಡದಲ್ಲಿ ಹೇನು ಹರಿಯುತ್ತಿವೆ, ಕೆಲವು ಆಗಲೇ ನನ್ನ ಮೊಣಕೈ ಹತ್ತಿವೆ. ಮಣ್ಣಿನಲ್ಲಿ ಹೊರಳಾಡದ ಕೋಳಿಗೆ ಹೇನು ಹತ್ತದೆ ಇರುತ್ತದೆಯೇ? ಎತ್ತಿದರೆ ಪುಕ್ಕವೇ ಹೊರತು ತೂಕವಿಲ್ಲ. ಅದನ್ನು ಹಿಡಿದುಕೊಂಡು ಅಲ್ಲೇ ಎಷ್ಟೋ ಹೊತ್ತು ಕೂತೆ. ಕಣ್ಣೆದುರಿಗೇ ಇದ್ದ ಕೋಳಿ ಇಷ್ಟು ಕರಗುವವರೆಗೂ ನನಗೆ ಗೊತ್ತಾಗಲಿಲ್ಲವಲ್ಲ ಎಂದು ಸಂಕಟವಾಯಿತು.

ಮೊಟ್ಟೆಯೊಡೆದು ಮರಿ ಬರಲು 21 ದಿನ ಅನ್ನುವುದು ಮೊಟ್ಟೆಯ ಲೆಕ್ಕ, ಕೋಳಿಯ ಲೆಕ್ಕವಲ್ಲ. ಚಿಪ್ಪಿನೊಳಗಿಂದ ಮರಿ ಕೂಗಿದಾಗ, ಮರಿ ಹೊರಬಂದು ಎದೆಯಡಿ ಅಲುಗಾಡಿದಾಗ ತಾಯಿಗೆ ಕೂತಿದ್ದು ಸಾಕು ಎಂದು ತಿಳಿಯುತ್ತದೆ. ಖಾಲಿ ಗೂಡಿನಲ್ಲಿ ಅದನ್ನು ಹೇಳುವವರು ಯಾರು? ಕಾವಿನ ಹೊತ್ತಿಗೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿರುತ್ತದೆ, ಮೊಟ್ಟೆ ಇಡುವುದು ನಿಂತಿರುತ್ತದೆ, ಹಸಿವು ತಗ್ಗಿರುತ್ತದೆ. ಅದನ್ನು ಕೋಳಿಯ ಹಟ ಎಂದು ಬೈಯುವುದರಲ್ಲಿ ಅರ್ಥವಿಲ್ಲ.

ಕಾವು ಬಿಡಿಸಲು ಕೆಲವರು ಕೋಳಿಯನ್ನು ತಣ್ಣೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಸೊರಗಿದ ಪ್ರಾಣಿಯನ್ನು ಹಾಗೆ ನಡುಗಿಸಲು ನನಗೆ ಮನಸ್ಸು ಬರಲಿಲ್ಲ. ಬೆಳಿಗ್ಗೆ ತಂತಿ ಜಾಲರಿಯ ತಳವಿರುವ ಪಂಜರವನ್ನು ನಾಲ್ಕು ಇಟ್ಟಿಗೆಗಳ ಮೇಲೆ ಎತ್ತರಿಸಿ, ನೆರಳಲ್ಲಿ, ಉಳಿದ ಕೋಳಿಗಳು ಕಾಣುವ ಹಾಗೆ ಇಟ್ಟೆ. ಒಳಗೆ ಹುಲ್ಲಿಲ್ಲ, ಚೀಲವಿಲ್ಲ. ಕಾಳು ಮತ್ತು ನೀರು ಮಾತ್ರ ಧಾರಾಳ. ಕೂತರೂ ಅಡಿಯಿಂದ ಗಾಳಿಯಾಡಿ ಹೊಟ್ಟೆ ತಣ್ಣಗಾಗಬೇಕು, ಕಾವು ಇಳಿಯುವುದು ಹಾಗೆ. ಗೂಡಿನ ಹಳೆಯ ಹುಲ್ಲನ್ನೆಲ್ಲ ಸುಟ್ಟುಹಾಕಿದೆ.

ಮೊದಲ ದಿನ ಪಂಜರದ ಮೂಲೆಯಲ್ಲೇ ಗೂಡು ಕಟ್ಟಿದ ಹಾಗೆ ಕೂತಿತು. ಎರಡನೇ ದಿನ ನಿಂತು ತಿಂದಿತು. ಮೂರನೇ ದಿನ ಬಾಗಿಲು ತೆಗೆದರೆ ಒಂದೇ ಓಟ, ಹುಲ್ಲೇ ಇಲ್ಲದ ಅದೇ ಗೂಡಿನೊಳಗೆ ಹೋಗಿ ಕೂತುಬಿಟ್ಟಿತು. ಮತ್ತೆ ಹಿಡಿದು ಒಳಗೆ ಹಾಕುವಾಗ ಕೈ ಬರುತ್ತಿರಲಿಲ್ಲ. ಅತ್ತೆ ಪಕ್ಕದಲ್ಲಿ ನಿಂತು, “ಈಗ ಕರುಣೆ ತೋರಿಸಿದ್ರೆ ಹಿಂದಿನ ಮೂರು ದಿನಾನೂ ದಂಡ. ಹಾಕು” ಅಂದರು. ಹಾಕಿದೆ.

ಐದನೇ ದಿನ ಬಿಟ್ಟಾಗ ಗೂಡಿನ ಕಡೆ ಎರಡು ಹೆಜ್ಜೆ ಹಾಕಿ ನಿಂತಿತು. ಕತ್ತು ಓರೆ ಮಾಡಿತು. ಆಮೇಲೆ ತಿರುಗಿ ಬೇಲಿ ಬುಡದ ಒಣ ಮಣ್ಣಿಗೆ ಹೋಗಿ ಒಂದು ಪಕ್ಕಕ್ಕೆ ಬಿದ್ದುಕೊಂಡು, ಕಾಲಲ್ಲಿ ಕೆರೆದು ಕೆರೆದು ಮೈಮೇಲೆಲ್ಲ ಧೂಳು ಎರಚಿಕೊಂಡಿತು. ಕಣ್ಣು ಅರ್ಧ ಮುಚ್ಚಿತ್ತು. ಆ ಧೂಳಿನ ಸ್ನಾನವನ್ನು ಮುಗಿಯುವವರೆಗೂ ನಿಂತು ನೋಡಿದೆ.

ಕೆಂಚಿಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಏಳನೇ ರಾತ್ರಿ ಟಾರ್ಚಿಗೆ ಹಿಡಿದು ನೋಡಿದಾಗ ಜೇಡನ ಕಾಲಿನಂಥ ಕೆಂಪು ನರಗಳು ಕಾಣದ, ಅಂದರೆ ಮರಿ ಕಟ್ಟದ ಎರಡು ಮೊಟ್ಟೆಗಳನ್ನು ತೆಗೆದಿದ್ದೆ. ಉಳಿದ ಒಂಬತ್ತರಲ್ಲಿ ಎಂಟು ಒಡೆದವು. ಚಿಪ್ಪು ಬಿರುಕು ಬಿಟ್ಟ ಮೇಲೂ ಮರಿ ಪೂರ್ತಿ ಹೊರಬರಲು ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ನಾವು ಚಿಪ್ಪು ಸುಲಿಯಲು ಹೋದರೆ ರಕ್ತನಾಳ ಹರಿದು ಮರಿ ಸಾಯಬಹುದು. ಕೈ ಕಟ್ಟಿಕೊಂಡು ಕಾದೆ.

ಮರಿಗಳ ಚಿಂವ್ ಚಿಂವ್ ಕೇಳಿ ಬೂದಿ ಕೆಂಚಿಯ ಬುಟ್ಟಿಯ ಸುತ್ತಲಿನ ಜಾಲರಿ ಹತ್ತಿರ ಬಂದು ನಿಂತಿತು. ಕೊರಳು ಉದ್ದ ಮಾಡಿ ಆಲಿಸುತ್ತಿತ್ತು. ರಾತ್ರಿ ಅದರ ಅಡಿಯಲ್ಲಿ ಎರಡು ಮರಿ ಸೇರಿಸಿಬಿಡೋಣವೇ ಎಂದು ನನ್ನ ಮನಸ್ಸು ಹೊಯ್ದಾಡಿತು. ಆದರೆ ಕಾವು ಇಳಿದ ಕೋಳಿ ಮರಿಗಳನ್ನು ಕುಕ್ಕಿದರೆ? ಒಪ್ಪಿಕೊಂಡರೂ, ಆ ಸವೆದ ಮೈಯಲ್ಲಿ ಮತ್ತೆ ವಾರಗಟ್ಟಲೆ ಕಾಯುವ ಕೆಲಸ. ಬೇಡವೆಂದು ಬಿಟ್ಟೆ.

ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮೊದಲು ನೋಡಿದ್ದು ಆ ಹಳೆಯ ಗೂಡನ್ನು. ಖಾಲಿಯಿತ್ತು. ಮೇಲೆ ಅಡ್ಡಗಳುವಿನ ಮೇಲೆ ಉಳಿದವುಗಳ ನಡುವೆ ಒತ್ತಿಕೊಂಡು, ಕತ್ತು ಹುದುಗಿಸಿಕೊಂಡು ಬೂದಿ ಮಲಗಿತ್ತು. ಎದೆಯಡಿಗೆ ಬೆರಳು ತೂರಿಸಿದೆ. ಮೂಳೆ ಇನ್ನೂ ಸಿಗುತ್ತಿತ್ತು. ಆದರೆ ಕೊರಳ ಬುಡದ ಮೇವಿನ ಚೀಲ ತುಂಬಿ ಗಟ್ಟಿಯಾಗಿತ್ತು.